ಬಂಡೆ ತಿರುವಿನಲ್ಲಿ ಮಾತು ನಿಂತಾಗ

ನನ್ನ ಗಂಗಕ್ಕನಿಗೆ,

ಅಕ್ಕಾ, ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ಕಾಫಿ ತೋಟದ ಮೇಲಿನ ಬ್ಲಾಕಿಂದ, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮನೆಗೆ ಇಳಿಯೋ ದಾರೀಲಿ ಐದು ಗಾಡಿ ಒಂದರ ಹಿಂದೆ ಒಂದು ಬರ್ತಾವೆ. ಎತ್ತಿನ ಗಾಡಿ ಅಲ್ಲ, ಜೀಪೂ ಅಲ್ಲ, ಅದೇನು ಅಂತ ಆಮೇಲೆ ಹೇಳ್ತೀನಿ. ಕೆಳಗಡೆ ನೀನು ತಲೆ ಮೇಲೆ ಹಣ್ಣಿನ ಮೂಟೆ ಹೊತ್ಕೊಂಡು, ನನ್ನ ಕಡೆ ಬೆನ್ನು ಹಾಕಿ ನಡೀತಿದ್ದೀಯ. ಸರ್ಕೊ ಅಂತ ಕೂಗೋಕೆ ನೋಡ್ತೀನಿ, ಗಂಟಲಿಂದ ಸದ್ದೇ ಬರಲ್ಲ. ಮೂಟೆ ಹೊತ್ತೋಳು ಹಿಂದೆ ತಿರುಗೋ ಹಾಗಿಲ್ಲ, ಅದು ನಿನಗೂ ಗೊತ್ತು ನನಗೂ ಗೊತ್ತು. ಗಾಡಿಗಳು ನಿನ್ನ ಹತ್ತಿರ, ಇನ್ನೂ ಹತ್ತಿರ... ಎದ್ದು ಕೂತೆ. ನಮ್ಮನೆಯೋರು ಮಗ್ಗುಲು ಬದಲಾಯಿಸಿ ಏನಾಯ್ತೇ ಅಂದ್ರು. ಕನಸು ಅಂದೆ. ಎಚ್ಚರದಲ್ಲಿ ಹೆದರಿದ್ದು ಸಾಲ್ದು ಅಂತ ನಿದ್ದೇಲೂ ಶುರು ಮಾಡ್ಕಂಡ್ಯಾ ಅಂತ ಮುಸುಕು ಎಳ್ಕೊಂಡ್ರು.

ಇಂಥದ್ದನ್ನೆಲ್ಲ ನಾನು ಮೊದಲಿಂದ ನಿನಗೇ ತಾನೇ ಹೇಳ್ತಿದ್ದಿದ್ದು? ಈಗ ಯಾರಿಗೆ ಹೇಳಲಿ. ಅದಕ್ಕೇ ಬರೆಯೋಕೆ ಕೂತೆ. ಸ್ಕೂಲು ಎರಡು ಸಲ ಬಿಟ್ಟೋಳು ನಾನು, ಒಂದ್ಸಲ ಅವ್ವನ ಕಾಯಿಲೆಗೆ, ಇನ್ನೊಂದ್ಸಲ ಯಾಕೆ ಅಂತ ಈಗ ನನಗೇ ನೆನಪಿಲ್ಲ. ಒತ್ತಕ್ಷರ ತಪ್ಪಿದ್ರೆ ಸರಿ ಮಾಡ್ಕೊಂಡು ಓದ್ಕೊ. ಸೋಮವಾರ ಬೆಳಿಗ್ಗೆ ನಾನು ಒಂದು ಮಾತು ಹೇಳ್ಬೇಕು ಅಕ್ಕ. ಒಂದೇ ಮಾತು, ‘ರೈಟ್’ ಅಂತ. ಬಸ್ಸಿನ ಕಂಡಕ್ಟರ್ ಯೋಚನೇನೇ ಮಾಡ್ದೆ ಹೇಳ್ತಾನಲ್ಲ, ಅದೇ ಮಾತು. ನನಗೆ ಅದನ್ನ ಹೇಳೋದಾ ಬೇಡವಾ ಅಂತ ಇನ್ನೂ ತೀರ್ಮಾನ ಆಗಿಲ್ಲ.

ನೀನು ಕಣ್ಮುಚ್ಚಿದ ಮೇಲೆ ಎರಡು ಕೊಯ್ಲು ಮುಗೀತು. ಮೂರನೇದಕ್ಕೆ ಇನ್ನೂ ಹಣ್ಣು ಕೆಂಪಾಗೋದಿತ್ತು, ಆಗ ಲಾರೀಲಿ ಇವು ಬಂದಿಳಿದ್ವು. ಒಂದೊಂದೂ ಮಂಚದಷ್ಟು ಅಗಲ, ಮೊಣಕಾಲಷ್ಟು ಎತ್ತರ, ಚಕ್ರದ ಜಾಗದಲ್ಲಿ ರಬ್ಬರ್ ಪಟ್ಟಿ. ಡ್ರೈವರ್ ಇಲ್ಲ. ರೋಬೋಟ್ ಅಂತೆ. ಮೂಟೆ ಹೊರೋಕೆ. ಆ ಕಡಿದಾದ ದಾರೀಲಿ ಟ್ರ್ಯಾಕ್ಟರ್ ಇಳಿಯಲ್ಲ, ಒಂದೇ ದೊಡ್ಡ ಗಾಡಿ ಬಿಟ್ರೆ ಮಣ್ಣು ಕುಸಿಯುತ್ತೆ, ಅದಕ್ಕೆ ಸಣ್ಣವು ಐದು. ಜಯಮ್ಮ ಒಂದು ಸಲ ನೋಡಿದ್ಲು, ‘ಹಂದಿಮರಿ ಥರ ಸಾಲಾಗಿ ಹೋಗ್ತಾವಲ್ರೇ’ ಅಂದ್ಲು, ಮುಗೀತು, ಅವತ್ತಿಂದ ನಮ್ಮ ಕೂಲಿ ಲೈನ್ ಮನೆಯೋರ ಬಾಯಲ್ಲೆಲ್ಲ ಹಂದಿಮರೀನೇ. ಜಯಮ್ಮನ ಬಾಯಿ ನಿನಗೆ ಗೊತ್ತಲ್ಲ, ನಿನ್ನ ಪಕ್ಕದ ಸಾಲಲ್ಲೇ ಹಣ್ಣು ಬಿಡಿಸ್ತಾ ಇದ್ದೋಳು.

ಹಿಂದೆ ನೀನು ಮೇಸ್ತ್ರಿಯಾಗಿದ್ದಾಗ ಯಾವ ಕೆಲಸಕ್ಕೆ ಯಾರು ಅಂತ ನೋಡ್ದೇ ಹೇಳ್ತಿದ್ದೆ. ಈಗ ಹೇಳೋದು ಹಾಜರಿ ಬರೆಯೋ ರೈಟರ್ ಚಂದ್ರಣ್ಣ. ಗಾಡಿ ತಂದಿರೋ ಇಂಜಿನಿಯರು ಶ್ವೇತಾ ಮೇಡಂ ಅಂತ, ತುಮಕೂರು ಕಡೆಯೋರು, ಸಣ್ಣ ವಯಸ್ಸು. ಗಾಡಿಗಳ ಹಿಂದೆ ನಡೆಯೋಕೆ ಒಬ್ರು ಬೇಕು ಅಂತ ಅವರು ಕೇಳಿದ್ರಂತೆ, ಧೈರ್ಯವಂತರು ಬೇಡ, ಏನಾದ್ರೂ ಆಗ್ಬುಡುತ್ತೆ ಅಂತ ಯಾವಾಗ್ಲೂ ಅನ್ಕೊಳ್ಳೋರು ಇದ್ರೆ ಕೊಡಿ ಅಂದ್ರಂತೆ. ಚಂದ್ರಣ್ಣ ಹಾಜರಿ ಪುಸ್ತಕಾನೂ ತೆಗೀಲಿಲ್ಲ, ನನ್ನ ಹೆಸರು ಹೇಳ್ಬುಟ್ಟ. ಈಗ ನನ್ನ ಕೊರಳಲ್ಲಿ ಒಂದು ಪೆಟ್ಟಿಗೆ ನೇತಾಡ್ತದೆ. ಅದರಲ್ಲಿ ಕೆಂಪು ಗುಂಡಿ ಒತ್ತಿದ್ರೆ ಐದೂ ನಿಲ್ತಾವೆ. ಹೊರಡೋಕೂ ನಾನೇ ಹೇಳ್ಬೇಕು. ನಾನು ರೈಟ್ ಅನ್ನೋ ತನಕ ಮೇಡಂ ಕೂಡ ಬಿಡಲ್ಲ.

ಸಾಹುಕಾರ್ರು ಮೊದಲನೇ ದಿವಸಾನೇ ಹೇಳಿದ್ದಾರೆ, ಒಬ್ಬರಿಗೆ ಒಂದು ತರಚು ಗಾಯ ಆದ್ರೂ ಇವನ್ನ ಬಂದ ಲಾರೀಲೇ ವಾಪಸ್ ಕಳಿಸ್ತೀನಿ ಅಂತ. ಅದು ನ್ಯಾಯ. ಆದ್ರೆ ಅವು ಹೋದ್ರೆ ಮೂಟೆ ಮತ್ತೆ ನಮ್ಮ ತಲೆ ಮೇಲೆ. ನಿನ್ನ ಮಗಳು ಸುಮಾ ಈಗ ನಮ್ಮ ಜೊತೆ ಕೊಯ್ಲಿಗೆ ಬರ್ತಾಳೆ. ನಿನ್ನ ಕತ್ತು ಕೊನೇಲಿ ಹೆಂಗಾಗಿತ್ತು ಅಂತ ನಾನು ಹೇಳ್ಬೇಕಾ? ಬಾಗಿಲಿಗೆ ಬಂದೋರು ಯಾರು ಅಂತ ತಿರುಗಿ ನೋಡೋಕೂ ಆಗ್ತಿರ್ಲಿಲ್ಲ, ಹೆಜ್ಜೆ ಸದ್ದಲ್ಲೇ ಹೇಳ್ತಿದ್ದೆ. ಗಾಡಿ ಓಡಿದ್ರೆ ಆ ದಾರೀಲಿ ಸುಮಾ ನಡೀತಾಳೆ ಅಂತ ಹೆದರಿಕೆ. ಓಡದಿದ್ರೆ ಅವಳ ತಲೆ ಮೇಲೆ ಮೂಟೆ. ಯಾವ ಕಡೆ ತಿರುಗಿದ್ರೂ ಅವಳೇ.

ಎಲ್ಲಕ್ಕಿಂತ ಮುಂಚೆ ಕೆಂಪಾದ ಒಂದಷ್ಟು ಹಣ್ಣು ಹೇರಿ, ಪರೀಕ್ಷೆಗೆ ಅಂತ ಮೊದಲನೇ ಸಲ ಬಿಟ್ಟ ದಿವಸ ನೀನು ನೋಡ್ಬೇಕಿತ್ತು. ಮುಂದಿನ ಗಾಡಿ ತಾನೇನು ಮಾಡ್ತೀನಿ ಅಂತ ಹಿಂದಿನವಕ್ಕೆಲ್ಲ ರೇಡಿಯೋದಲ್ಲಿ ಹೇಳ್ತಾ ಹೋಗುತ್ತೆ. ತಿರುಗ್ತೀನಿ ಅಂದ್ರೆ ಎಲ್ಲವೂ ತಿರುಗೋಕೆ ತಯಾರು, ನಿಲ್ತೀನಿ ಅಂದ್ರೆ ಎಲ್ಲವೂ ಒಟ್ಟಿಗೆ. ಸಿಲ್ವರ್ ಓಕ್ ಸಾಲಿನ ತನಕ ಐದೂ ಒಂದೇ ಮೈ ಅನ್ನೋ ಹಾಗೆ ಇಳಿದ್ವು. ಆಮೇಲೆ ದೊಡ್ಡಬಂಡೆ ತಿರುವು ಬಂತು. ಆ ಬಂಡೆ ಹಿಂದೆ ಫೋನೂ ಸಿಗಲ್ಲ, ಇವರ ರೇಡಿಯೋನೂ ಸಿಗಲ್ಲ. ಮುಂದಿನದು ಬಂಡೆ ದಾಟಿ ನಿಧಾನ ಆಯ್ತು. ನಿಧಾನ ಆದೆ ಅಂದಿದ್ದು ಹಿಂದಿನವಕ್ಕೆ ತಲುಪಲಿಲ್ಲ. ಎರಡನೇದು ಮೊದಲು ಕೇಳಿದ್ದ ‘ಬಾ’ ಅನ್ನೋ ಮಾತನ್ನೇ ನಂಬ್ಕೊಂಡು ಹೋಯ್ತು, ಹತ್ತಿರ ಹೋಗಿ ಗಕ್ಕನೆ ನಿಂತ್ತು. ಮೂರನೇದು ಅದಕ್ಕಿಂತ ಜೋರಾಗಿ ನಿಂತ್ತು. ಐದನೇದು ಎಷ್ಟು ಜೋರಾಗಿ ನಿಂತ್ತು ಅಂದ್ರೆ ಮೂಟೆ ಎರಡೂ ಬಿದ್ದು ಹಣ್ಣೆಲ್ಲ ಚರಂಡಿಗೆ. ನಾನು ಗುಂಡಿ ಒತ್ತೋ ಹೊತ್ತಿಗೆ ಆಗೋದೆಲ್ಲ ಆಗಿಹೋಗಿತ್ತು.

ಮೇಡಂ, ನಾನು ಇಬ್ರೂ ಕೂತ್ಕೊಂಡು ಹಣ್ಣು ಆರಿಸ್ತಿದ್ವಿ. ಆಗ ನನಗೆ ನಮ್ಮ ಹಾವಿನ ಕತೆ ನೆನಪಾಯ್ತು. ನೆನಪೈತಾ? ಇದೇ ದಾರೀಲಿ ನಾವೆಲ್ಲ ಮೂಟೆ ಹೊತ್ತು ಸಾಲಾಗಿ ಇಳೀತಿದ್ವಿ. ನೀನು ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಮೂಟೆ ಹೊತ್ತಾಗ ತಿರುಗಿ ಹೇಳೋಕಾಗಲ್ಲ, ಅದಕ್ಕೆ ಮುಂದಿನೋಳು ಕೂಗಿದ್ದನ್ನ ಅವಳ ಹಿಂದಿನೋಳು ಕೂಗೋದು. ಕಲ್ಲು. ಬೇರು. ಜಾರು. ಹಿಂಗೇ ಬಾಯಿಂದ ಬಾಯಿಗೆ ಕೊನೇ ತನಕ. ಅವತ್ತು ನೀನು ‘ಹಾವು’ ಅಂದೆ. ಜಯಮ್ಮನ ತನಕ ಹಾವೇ ಇತ್ತು. ಜಯಮ್ಮ ಬೆಳಗಿಂದ ಟೀ ಟೀ ಅಂತಿದ್ದೋಳು, ಅವಳ ಬಾಯಿಂದ ಅದು ‘ಹಾಲು’ ಆಗಿ ಹೊರಟಿತು. ನನಗೆ ಬಂದಿದ್ದು ಹಾಲು. ಸ್ಟೋರಿಂದ ಟೀ ಕಳಿಸವ್ರೆ ಅನ್ಕೊಂಡು ಮೂಟೆ ಮರಕ್ಕೆ ಒರಗಿಸಿ, ಎಲ್ಲರನ್ನೂ ದಾಟ್ಕೊಂಡು ಓಡಿ ಬಂದೆ. ನೀನು ಒಂದು ಕೈಲಿ ಮೂಟೆ ಹಿಡ್ಕೊಂಡು ಇನ್ನೊಂದು ಕೈಲಿ ನನ್ನ ಜಡೆ ಹಿಡ್ಕೊಂಡೆ.

‘ಎಲ್ಲಿಗೇ ಹೊರಟೆ, ನಾಗಪ್ಪಂಗೆ ಹಾಲೆರೆಯೋಕಾ?’

ಮೇಡಂ ಈ ಕತೆ ಕೇಳಿ ನಕ್ಕು ನಕ್ಕು ಆರಿಸಿದ್ದ ಹಣ್ಣು ಮತ್ತೆ ಚೆಲ್ಲಿದ್ರು. ಆಮೇಲೆ ಕಣ್ಣು ಒರೆಸ್ಕೊಂಡು, ನಮ್ಮ ಅರ್ಧ ಕಷ್ಟ ಇದೇ ರತ್ನಕ್ಕ ಅಂದ್ರು. ಮಾತು ಬರದೆ ಇರೋದು ಒಂದು, ತಪ್ಪಾಗಿ ಬರೋದು ಇನ್ನೊಂದು. ಇವೆರಡಕ್ಕಿಂತ ಕೆಟ್ಟದ್ದು ತಡವಾಗಿ ಬರೋದಂತೆ. ‘ಬಾ’ ಅನ್ನೋದು ಹೇಳಿದಾಗ ಸರಿಯಾಗೇ ಇರುತ್ತೆ, ಕೇಳೋ ಹೊತ್ತಿಗೆ ಹಳಸಿರುತ್ತೆ. ಹಳಸಿದ ಅನ್ನ ಮೂಗಿಗೆ ಗೊತ್ತಾಗುತ್ತೆ, ಹಳಸಿದ ಮಾತು ಗಾಡಿಗೆ ಹೆಂಗೆ ಗೊತ್ತಾಗ್ಬೇಕು? ಅದಕ್ಕೆ ಈಗ ಪ್ರತಿ ಮಾತಿಗೂ ಯಾವಾಗ ಹೇಳಿದ್ದು ಅಂತ ಗುರುತು ಕಟ್ಟಿ ಕಳಿಸ್ತಾವೆ. ಗುರುತು ಹಳೇದಾದ್ರೆ ಹಿಂದಿನ ಗಾಡಿ ಆ ಮಾತನ್ನ ಬಿಟ್ಟಾಕಿ ತನ್ನ ಕಣ್ಣನ್ನೇ ನಂಬಬೇಕು. ಗಾಡಿ ಮುಂಭಾಗದಲ್ಲಿ ಒಂದು ಕಣ್ಣು ಇಟ್ಟವ್ರೆ, ಮುಂದಿನ ಗಾಡಿಯ ಬೆನ್ನು ನೋಡೋಕೆ.

ಆಗ ನಾನು ಸ್ವಲ್ಪ ಜಂಬದಿಂದಾನೇ ಹೇಳಿದೆ ಅಕ್ಕ. ಮಂಜು ಕವಿದ ದಿವಸ ನೀನು ಹೊರಡೋ ಮುಂಚೆ ಎಲ್ಲರಿಗೂ ಹೇಳ್ತಿದ್ದೆಯಲ್ಲ, ‘ನನ್ನ ನೋಡಬ್ಯಾಡಿ, ನಿಮ್ಮ ಮುಂದಿನೋಳ ಹಿಮ್ಮಡಿ ನೋಡಿ’ ಅಂತ. ನಮ್ಮಕ್ಕ ಹಿಂಗಂತಿದ್ಲು, ಇವಕ್ಕೂ ಅದನ್ನೇ ಕಲಿಸಿ ಅಂದೆ. ಮೇಡಂ ತಲೆ ಆಡಿಸಿದ್ರು. ಅದು ಮೊದಲ ದಿವಸದಿಂದಾನೂ ಇದರಲ್ಲಿ ಐತಂತೆ, ಅಷ್ಟು ಮಾತ್ರ ಇದ್ರೆ ಸಾಲಲ್ವಂತೆ. ನಿನ್ನ ಮಾತು ಗೆಲ್ಲಲಿಲ್ಲ ಅಕ್ಕ, ಬೇಜಾರು ಮಾಡ್ಕೋಬ್ಯಾಡ. ನನಗೂ ಮುಖ ಸಣ್ಣಗಾಯ್ತು. ಆದ್ರೆ ಯಾಕೆ ಸಾಲಲ್ಲ ಅಂತ ಅವರು ತೋರಿಸಿದ್ದಿತ್ತಲ್ಲ, ಅದನ್ನ ನಿನಗೆ ಹೇಳ್ಲೇಬೇಕು.

ಸ್ಟೋರಿನ ಜಗಲಿ ಮೇಲೆ ಕೂರಿಸಿ ಮೇಡಂ ತಮ್ಮ ಟ್ಯಾಬಲ್ಲಿ ಐದು ಗೆರೆ ತೋರಿಸಿದ್ರು, ಒಂದೊಂದು ಗಾಡಿಗೆ ಒಂದೊಂದು. ಮೊದಲನೇ ಗಾಡಿ ಒಂಚೂರು ನಿಧಾನ ಆದಾಗ ಅದರ ಗೆರೇಲಿ ಕೆನ್ನೆಗುಳಿಯಷ್ಟು ತಗ್ಗು. ಎರಡನೇದರಲ್ಲಿ ಬೊಗಸೆಯಷ್ಟು. ಮೂರನೇದು ಇನ್ನೂ ಆಳ. ಐದನೇದರ ಗೆರೆ ಮಳೆಗಾಲ ಕಳೆದ ಮೇಲಿನ ವನಗೂರು ರಸ್ತೆ ಥರಾನೇ. ಹಿಮ್ಮಡಿ ಮಾತ್ರ ನೋಡ್ಕೊಂಡು ಹೋದ್ರೆ ಹಿಂಗೇ ಆಗೋದಂತೆ. ಮುಂದಿನೋರು ಒಂದು ಹೆಜ್ಜೆ ತಡೆದ್ರೆ ಹಿಂದಿನೋರು ಎರಡು ಹೆಜ್ಜೆ ತಡೀತಾರೆ, ಅಂತರ ಜಾಸ್ತಿ ಆಯ್ತು ಅಂತ ಆಮೇಲೆ ಓಡ್ತಾರೆ. ಆ ಓಟ, ಆ ನಿಲ್ಲೋದು, ಎರಡೂ ಹಿಂದಕ್ಕೆ ಹೋಗ್ತಾ ಹೋಗ್ತಾ ಬೆಳೀತಾವೆ. ಹಾಗಾದ್ರೆ ಈ ಐದನೇದೇ ಸರಿ ಇಲ್ಲ, ಇದನ್ನ ಬದಲಾಯಿಸಿ ಅಂದೆ ನಾನು. ಮೇಡಂ ಐದನೇದನ್ನ ತಂದು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ್ರು, ಮುಂದಿದ್ದದನ್ನ ಹಿಂದಕ್ಕೆ ಹಾಕಿ ಮತ್ತೆ ಬಿಟ್ರು. ಆ ಗಾಬರಿ ಗಾಡಿ ಮದುವಣಗಿತ್ತಿ ಥರ ಇಳೀತು. ಹಿಂದಕ್ಕೆ ಹಾಕಿದ್ದು ಓಡ್ತಾ ನಿಲ್ತಾ, ಓಡ್ತಾ ನಿಲ್ತಾ.

‘ಯಾವುದೂ ಕೆಟ್ಟಿಲ್ಲ ರತ್ನಕ್ಕ’ ಅಂದ್ರು. ‘ಅದು ಕೊನೇಲಿತ್ತು, ಅಷ್ಟೇ.’

ಲೈನಲ್ಲಿ ನನ್ನ ಗಾಬ್ರಿ ರತ್ನಿ ಅಂತಾನೇ ಕರೆಯೋದು, ನೀನೂ ಕರೀತಿದ್ದೆ. ಯಾಕೇ ಓಡ್ತೀಯ, ಯಾಕೇ ನಿಲ್ತೀಯ, ಎಲ್ಲರ ಥರ ನಡೆಯೋಕೆ ನಿನಗೇನು ಬಂದೈತೆ ಅಂತ ಬೈತಿದ್ದೆ. ಬೈಗುಳ ನೆನಪಾಗಿ ಸಿಟ್ಟು ಬರ್ಲಿಲ್ಲ, ನಗು ಬಂತು. ನನ್ನ ಮೂಟೆ ಸಣ್ಣದು ಅಂತ, ಯಾರಾದ್ರೂ ಹಿಂದೆ ಉಳಿದ್ರೆ ನಾನು ಬಿಟ್ಟು ಬರಲ್ಲ ಅಂತ ನೀನು ನನ್ನ ಹಿಂದೆ ಹಾಕ್ತಿದ್ದೆ, ಅದು ಗೊತ್ತು. ಆದ್ರೂ ಅಕ್ಕ, ಒಂದೇ ಒಂದು ದಿವಸ ನನ್ನನ್ನ ಮುಂದೆ ನಿಲ್ಲಿಸಿ ನೋಡಿದ್ರೆ ಹೆಂಗಿರ್ತಿತ್ತೋ...

ಗಾಡಿಗಳ ಈ ಓಡೋ ನಿಲ್ಲೋ ಕಾಟಕ್ಕೆ ಮೇಡಂ ಕಂಡ್ಕೊಂಡಿರೋ ದಾರಿ ನನಗೆ ಅರ್ಥ ಆದಷ್ಟು ಹೇಳ್ತೀನಿ. ಮಾತು ನಿಂತ್ತು ಅಂತ ಗೊತ್ತಾದ ತಕ್ಷಣ ಪ್ರತಿ ಗಾಡಿ ಮುಂದಿನದರಿಂದ ದೂರ ಸರಿದು ನಡುವೆ ಜಾಗ ಬಿಡುತ್ತೆ, ವೇಗಾನೂ ಇಳಿಸುತ್ತೆ. ಜಾಗ ಇದ್ರೆ ಗಕ್ಕನೆ ನಿಲ್ಲೋ ಅವಸರ ಇರಲ್ಲ. ಮುಂದಿನದು ಎಷ್ಟು ತಡೆಯುತ್ತೋ ಹಿಂದಿನದು ಅದಕ್ಕಿಂತ ಜಾಸ್ತಿ ತಡೀಬಾರದು, ಇದೊಂದನ್ನ ಕಲಿಸೋಕೇ ಅವರು ವಾರಗಟ್ಟಲೆ ಕೂತ್ರು. ಮುಂದಿನ ಬೆನ್ನೂ ಕಾಣದಿದ್ರೆ ಸುಮ್ನೆ ನಿಂತ್ಬುಡಬೇಕು, ಹುಡುಕ್ಕೊಂಡು ಹೋಗಬಾರದು. ಬಂಡೆ ದಾಟಿ ಮಾತು ಮತ್ತೆ ಸಿಕ್ಕ ಮೇಲೆ ನಿಧಾನಕ್ಕೆ ಒಟ್ಟಾಗೋದು.

ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ಜಯಮ್ಮ ನನ್ನ ಜೀವ ಬಾಯಿಗೆ ತಂದ್ಲು. ದೊಡ್ಡಬಂಡೆ ಹಿಂದೆ ನಲ್ಲಿಗೆ ಹೋಗೋ ಕಾಲುದಾರಿ ಐತಲ್ಲ, ನಮ್ಮ ದಾರೀನ ಅಡ್ಡ ದಾಟುತ್ತೆ, ಅಲ್ಲಿ. ಗಾಡಿಗಳು ಬಂಡೆ ಹತ್ರ ಬಂದ್ವು, ಮಾತು ನಿಂತ್ತು, ಕಲಿಸಿದ ಹಾಗೇ ನಡುವೆ ಜಾಗ ಬಿಟ್ವು. ಕೊಡ ಹಿಡ್ಕೊಂಡು ನಿಂತಿದ್ದ ಜಯಮ್ಮ ತನಗೇ ದಾರಿ ಬಿಟ್ಟಾವೆ ಅನ್ಕೊಂಡು ಮೂರನೇದಕ್ಕೂ ನಾಲ್ಕನೇದಕ್ಕೂ ಮಧ್ಯೆ ನುಗ್ಗಿದ್ಲು. ಇಬ್ಬನಿಗೆ ಬಿಳೀ ಪ್ಲಾಸ್ಟಿಕ್ ಹಾಳೇನ ಕೊಪ್ಪೆ ಥರ ತಲೆಯಿಂದ ಬೆನ್ನಿಗೆ ಇಳಿಬಿಟ್ಕೊಂಡಿದ್ಲು, ಅದು ಬಿಸಿಲಿಗೆ ಹೊಳೀತಿತ್ತು. ಗಾಡಿಗಳ ಬೆನ್ನಿಗೆ ಅಂಟಿಸಿದ್ದೂ ಬಿಳೀ ಹೊಳೆಯೋ ಹಾಳೇನೇ. ನಾಲ್ಕನೇದು ಇವಳನ್ನೇ ಮೂರನೇದು ಅನ್ಕೊಳ್ತು. ಜಯಮ್ಮ ನಲ್ಲಿ ಕಡೆ ತಿರುಗಿದ್ಲು, ಅದೂ ತಿರುಗ್ತು. ಅದರ ಹಿಂದೆ ಐದನೇದು. ಗುಂಡಿಯ ರೇಡಿಯೋ ಬೇರೇದು, ಹತ್ರ ಇದ್ರೆ ಬಂಡೆ ಹಿಂದೇನೂ ಕೆಲಸ ಮಾಡುತ್ತೆ; ನಾನು ಒತ್ತಿದಾಗ ನಾಲ್ಕನೇದು ಅವಳ ಹಿಮ್ಮಡಿಯಿಂದ ಒಂದು ಮೊಳ ದೂರದಲ್ಲಿ ನಿಂತ್ತು.

ಎಲ್ಲರೂ ನಕ್ಕರು. ಚಂದ್ರಣ್ಣ, ಮರಿಗಳು ತಾಯಿನ ಕಂಡುಹಿಡಿದ್ವು ಅಂದ. ಹಾಲು ಕುಡಿಸೋ ವಯಸ್ಸು ದಾಟೈತೆ ಕಣಣ್ಣ, ನೀನೇ ಇಟ್ಕೊ ಅಂದ್ಲು ಜಯಮ್ಮ. ನನಗೆ ನಗೋಕಾಗ್ಲಿಲ್ಲ, ಅಲ್ಲೇ ಕೂತ್ಬುಟ್ಟೆ. ಮೇಡಂ ಕೂಡ ನಗಲಿಲ್ಲ, ಬಂದು ಪಕ್ಕದಲ್ಲಿ ಕೂತ್ರು. ಗಾಡಿ ಗಾಡಿ ಗುದ್ದಬಾರದು ಅಂತ ಬಿಟ್ಟ ಜಾಗಕ್ಕೆ ಜನ ಬರ್ತಾರೆ ಅನ್ನೋದು ಇಬ್ಬರಿಗೂ ಹೊಳೆದಿರ್ಲಿಲ್ಲ. ನನಗಂತೂ ಹೊಳೀಬೇಕಿತ್ತು ಅಲ್ವಾ? ಇಷ್ಟೊಂದು ಹೆದರೋಳು, ಹೆದರಬೇಕಾಗಿದ್ದನ್ನೇ ಬಿಟ್ಟು ಬೇರೆ ಎಲ್ಲದಕ್ಕೂ ಹೆದರಿದ್ದೆ. ಜಯಮ್ಮ ಅವತ್ತು ಕಲ್ಲು ಎಡವಿ ಬಿದ್ದಿದ್ರೆ... ಬೇಡ ಬಿಡು.

ಈಗ ಗಾಡಿಗಳ ಬೆನ್ನಿಗೆ ಬೇರೆ ಹಾಳೆ ಬಂದೈತೆ, ಚೌಕಾಬಾರದ ಮನೆ ಥರ ಕಪ್ಪು ಬಿಳುಪು ಚೌಕ, ಒಂದೊಂದಕ್ಕೆ ಒಂದೊಂದು ಥರ. ಮುಂದೆ ತನ್ನ ಚೌಕ ಕಾಣದೆ ಬೇರೆ ಏನು ಅಡ್ಡ ಬಂದ್ರೂ, ಹಸು ಆಗ್ಲಿ ಮನುಷ್ಯರಾಗ್ಲಿ, ನಿಲ್ಲಬೇಕು. ನಲ್ಲಿ ದಾರಿಗೆ ಎರಡೂ ಕಡೆ ಗೂಟ ನೆಟ್ಟು ಅಡ್ಡಕ್ಕೆ ಬಿದಿರಿನ ಗಳು ಹಾಕ್ಸಿದ್ದೀನಿ. ಗಾಡಿ ಇಳಿಯೋ ಹೊತ್ತಿಗೆ ಗಳು ಬಿದ್ದಿರ್ಬೇಕು, ಗಾಡಿ ಹೋದ ಮೇಲೆ ತೆಗೆಯೋದು.

ಶುಕ್ರವಾರ ಕೊನೇ ಸಲ ಬಿಟ್ಟು ನೋಡಿದ್ವಿ. ಮೂಟೆ ತುಂಬಿದ್ವಿ, ಮಂಜೂ ಇತ್ತು, ಅದರ ಮೇಲೆ ಮೇಡಂ ಮೇಲಿನ ಬ್ಲಾಕಲ್ಲೇ ರೇಡಿಯೋ ಪೂರ್ತಿ ಆರಿಸಿದ್ರು. ದಾರಿ ಉದ್ದಕ್ಕೂ ಒಂದು ಮಾತಿಲ್ಲ. ನಾನು ಐದನೇದರ ಹಿಂದೆ ನಡೆದೆ, ಹೆಬ್ಬೆರಳು ಗುಂಡಿ ಮೇಲೇ. ಮುಂದೆ ಎಲ್ಲೋ ಒಂದು ತಡೀತು ಅಂತ ಕಾಣುತ್ತೆ, ಐದನೇದು ಸುಮ್ನೆ ಉಸಿರು ಬಿಟ್ಟ ಹಾಗೆ ನಿಧಾನ ಆಗಿ ಮತ್ತೆ ನಡೀತು. ಅಷ್ಟೇ. ಕೊನೇಲಿ ನಡೆಯೋದು ಹಿಂಗೂ ಇರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಅಕ್ಕ. ಪಲ್ಪರ್ ಮನೆ ತಲುಪೋ ಹೊತ್ತಿಗೆ ಒಂದು ಹಣ್ಣೂ ಬಿದ್ದಿರ್ಲಿಲ್ಲ.

ಅವತ್ತು ಸುಮಾ ನನ್ನ ಜೊತೇಲೇ ಇಳಿದ್ಲು. ತಲೆ ಮೇಲೆ ಏನೂ ಇಲ್ಲ, ಆದ್ರೂ ಕತ್ತು ನೆಟ್ಟಗೆ ಇಟ್ಕೊಂಡೇ ನಡೀತಿದ್ಲು. ಸಿಲ್ವರ್ ಓಕ್ ಹತ್ರ ಬಂದಾಗ, ‘ಚಿಕ್ಕವ್ವ, ಈ ಕೈ ಎರಡನ್ನ ಏನು ಮಾಡ್ಲಿ’ ಅಂದ್ಲು. ಬೀಸ್ಕೊಂಡು ನಡಿಯೇ ಅಂದೆ. ಸ್ವಲ್ಪ ದೂರ ಬೀಸ್ಕೊಂಡು ನಡೆದ್ಲು, ಆಮೇಲೆ ಯಾರೋ ಕರೆದ್ರು ಅಂತ ಹಿಂದಕ್ಕೆ ತಿರುಗಿ ನೋಡಿದ್ಲು. ನಡೀತಾ ನಡೀತಾನೇ. ನಾನು ಅದನ್ನೇ ನೋಡ್ತಾ ನಿಂತ್ಬುಟ್ಟೆ. ನಿನಗೆ ಹೇಳಲೇಬೇಕಾದ ಸುದ್ದಿ ಇದು, ಉಳಿದಿದ್ದೆಲ್ಲ ಇದಕ್ಕೆ ಮುನ್ನುಡಿ.

ಇಷ್ಟು ದಿವಸ ಬರೀ ಪರೀಕ್ಷೆ, ಸೋಮವಾರ ಪೂರ್ತಿ ಕೊಯ್ಲು ಶುರು, ಎಲ್ಲರೂ ಇಳೀತಾರೆ. ನಾನು ಮೇಲೆ ನಿಂತಿರ್ತೀನಿ. ದೊಡ್ಡಬಂಡೆ ಆ ಕಡೆ ನನಗೆ ಕಾಣಲ್ಲ, ಅಲ್ಲಿ ಚಂದ್ರಣ್ಣ ಇರ್ತಾನೆ. ಬಂಡೆ ಮೂಲೇಲಿ ಎರಡೂ ಕಡೆ ಕಾಣೋ ಜಾಗದಲ್ಲಿ ಜಯಮ್ಮ. ದಾರಿ ಖಾಲಿ ಅಂತ ಚಂದ್ರಣ್ಣ ಬಾವುಟ ಎತ್ತಿದ್ರೆ ಜಯಮ್ಮ ಎತ್ತಬೇಕು, ಬಾಯಲ್ಲಿ ಮಾತ್ರ ಏನೂ ಕೂಗಬೇಡ ಮಾರಾಯ್ತಿ ಅಂತ ಕೈ ಮುಗಿದು ಹೇಳಿದ್ದೀನಿ. ಜಯಮ್ಮನ ಬಾವುಟ ಕಂಡ ಮೇಲೆ ನಾನು ಹೇಳ್ತೀನಿ ಅಕ್ಕ. ರೈಟ್ ಅಂತ ಹೇಳ್ತೀನಿ. ಬರೀತಾ ಬರೀತಾ ಅದೊಂದು ಗಟ್ಟಿ ಆಯ್ತು.

ಆದ್ರೂ ನಿನಗೆ ಬಂಡೆ ಅಡ್ಡ ಬರಲ್ಲ ಅಲ್ವಾ? ಎಲ್ಲಿಂದ ನೋಡಿದ್ರೂ ಎರಡೂ ಕಡೆ ಕಾಣ್ಬೇಕು ನಿನಗೆ. ನಾನು ಬಾಯಿ ತೆಗೆಯೋ ಮುಂಚೆ, ನಲ್ಲಿ ದಾರಿಗೆ ಆ ಬಿದಿರಿನ ಗಳು ಅಡ್ಡ ಬಿದ್ದೈತಾ, ಇನ್ನೊಂದ್ಸಲ ನೋಡ್ಬುಡಕ್ಕ.

ನಿನ್ನ ರತ್ನಿ